ತಾಡಪತ್ರಿ ಮಾಲಿಗೆ, ಮಂಜು ರೈತನಿಗೆ



ಮೊನ್ನೆ ಕೌಲ್ ಬಜಾರಿನ ಅಂಗಡಿಯೊಂದರಲ್ಲಿ ಎರಡು ರಗ್ಗು ಕೊಳ್ಳುತ್ತಿದ್ದೆ. ಅಂಗಡಿಯವರು ಹಳೆಯ ಪರಿಚಯ. "ಏನಣ್ಣಾ, ಮನ್ಯಾಗ ಏನರ ಕಾರ್ಯ ಐತೇನು?" ಎಂದು ಕೇಳಿದರು. "ಕಾರ್ಯ ಅಲ್ಲ ಸಾಹೇಬ್ರೆ, ಮೆಣಸಿನಕಾಯಿ ಮಾರಾಕ ಹೊಂಟೀವಿ" ಅಂದೆ. ಅವರಿಗೆ ನಗು ಬಂತು. "ಮೆಣಸಿನಕಾಯಿ ಮಾರಾಕ ರಗ್ಗು ಯಾಕ್ರೀ?" ಅಂದರು.

ಪಟ್ಟಣದವರಿಗೆ ಈ ಪ್ರಶ್ನೆ ಸಹಜವೇ. ಅವರ ಅಂಗಡಿ ರಾತ್ರಿ ಬಾಗಿಲು ಹಾಕುತ್ತದೆ. ಮಾಲು ಬೀಗದ ಒಳಗೆ, ಮಾಲೀಕ ಮನೆಯ ಒಳಗೆ. ಮಾಲಿನ ಜೊತೆಗೆ ಮಾಲೀಕನೂ ರಾತ್ರಿಯೆಲ್ಲ ಬಯಲಲ್ಲಿ ಬಿದ್ದಿರಬೇಕಾದ ವ್ಯಾಪಾರ ರೈತನದು. ಮನೆ ಇದ್ದೂ ಮನೆಯಿಲ್ಲದವನು ರೈತ. ಮಾರ್ಗಶಿರದಿಂದ ಶಿವರಾತ್ರಿಯವರೆಗೆ ನಮ್ಮಲ್ಲಿ ಎಷ್ಟು ಮಂದಿ ಎಷ್ಟು ರಾತ್ರಿ ಸ್ವಂತ ಸೂರಿನ ಕೆಳಗೆ ಮಲಗುತ್ತೀರಿ, ನೀವೇ ಎಣಿಸಿ ನೋಡಿ. ಕಣದಾಗ ಕೆಲವು ರಾತ್ರಿ, ರಸ್ತೆ ಬದಿಯ ಭತ್ತದ ರಾಶಿಗೆ ಕೆಲವು ರಾತ್ರಿ, ಕಾಲುವೆಯ ನೀರಿನ ಪಾಳಿಗೆ ಕೆಲವು, ರಾತ್ರಿ ಪಾಳಿಯ ಕರೆಂಟಿಗೆ ಕೆಲವು, ಉಳಿದದ್ದು ಮಾರುಕಟ್ಟೆಯ ಯಾರ್ಡಿನ ಸಿಮೆಂಟಿನ ಮೇಲೆ.

ಕೌಲು ಎಂಬ ಮಾತಿಗೆ ಹಿಂದಿನವರಲ್ಲಿ ಕರಾರು, ಕೊಟ್ಟ ಮಾತು ಎಂದು ಅರ್ಥ. ಬೀಳು ನೆಲ ಉಳುವವನಿಗೆ ಸರ್ಕಾರ ಕೌಲು ಬರೆದು ಕೊಡುತ್ತಿತ್ತು: ನೀನು ಉಳು, ಇಷ್ಟು ವರ್ಷ ಇಷ್ಟೇ ಕಂದಾಯ, ನಿನ್ನ ತಂಟೆಗೆ ಯಾರೂ ಬರುವುದಿಲ್ಲ ಅಂತ. ಆ ಬಜಾರಿನಲ್ಲಿ ರಗ್ಗು ಹೆಗಲಿಗೆ ಹಾಕಿಕೊಂಡು ನಿಂತಾಗ ನನಗೆ ಅನಿಸಿದ್ದು ಇದು: ನಮ್ಮ ಲಾರಿ ಮಾರುಕಟ್ಟೆಯ ಗೇಟು ದಾಟಿದ ಮೇಲೆ ನಮಗೆ ಕೌಲು ಕೊಟ್ಟವರು ಯಾರು? ಮಾಲಿಗೆ ಚೀಟಿ ಐತಿ, ಲಾಟಿಗೆ ನಂಬರು ಐತಿ, ವ್ಯಾಪಾರಿಗೆ ಲೈಸೆನ್ಸು ಐತಿ. ಮಾಲು ತಂದ ಮನುಷ್ಯನಿಗೆ ಏನೈತಿ?

ಒಂದು ಪುಷ್ಯದ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ, ಬಹಳಷ್ಟು ಯಾರ್ಡುಗಳ ಹಣೆಬರಹ ಒಂದೇ. ನಾಲ್ಕು ಮಂದಿ ಸೇರಿ ಒಂದು ಲಾರಿ ಮಾಡಿಕೊಂಡು ಮೆಣಸಿನಕಾಯಿ ಒಯ್ದಿದ್ದೆವು. ಶನಿವಾರ ರಾತ್ರಿ ಇಳಿಸಿದೆವು. ಸೋಮವಾರದ ಟೆಂಡರಿನಲ್ಲಿ ದರ ಬೀಳಲಿಲ್ಲ ಅಂದರೆ ಅದು ಸುಳ್ಳು, ದರ ನಮ್ಮ ಮೇಲೆಯೇ ಬಿತ್ತು. "ಗುರುವಾರ ತನಕ ನೋಡ್ರಿ" ಅಂದರು ಅಡತಿ ಅಂಗಡಿಯವರು. ನೋಡಿದೆವು. ನಮ್ಮ ಜೊತೆಗಿದ್ದ ಪಕ್ಕದೂರಿನ ಹಿರಿಯರಿಗೆ ಅರವತ್ತು ದಾಟಿತ್ತು. ಎರಡು ತಾಡಪತ್ರಿ ತಂದಿದ್ದರು. ಎರಡನ್ನೂ ಚೀಲಗಳ ಮೇಲೆ ಹೊದಿಸಿದರು. ಯಾಕೆಂದರೆ ಇಬ್ಬನಿ ಬಿದ್ದು ಕಾಯಿ ಮೆತ್ತಗಾದರೆ ಮುಂಜಾನೆ ವ್ಯಾಪಾರಿ ಕೈಯಲ್ಲಿ ಹಿಸುಕಿ ನೋಡಿ ಮುಖ ಸಿಂಡರಿಸುತ್ತಾನೆ. ತಾವು ಒಂದು ಹತ್ತಿಯ ಚಾದರ ಹೊದ್ದು ಬರೀ ಸಿಮೆಂಟಿನ ಮೇಲೆ ಮುದುಡಿಕೊಂಡರು. "ಅಜ್ಜಾ, ಒಂದು ತಾಡಪತ್ರಿ ನೀನು ಹೊಚ್ಕೊ" ಅಂದೆವು. "ನನಗೇನು ಕ್ವಿಂಟಲ್‌ಗೆ ರೇಟು ಕಟ್ತಾರೇನಪಾ?" ಅಂದರು. ನಾವು ನಕ್ಕೆವು.

ಯಾರ್ಡಿನಲ್ಲಿ ರೈತ ಭವನ ಇತ್ತು. ಬಣ್ಣ ಬಳಿದ ಬೋರ್ಡೂ ಇತ್ತು. ಬೀಗ ಹಾಕಿತ್ತು. ಕಾವಲುಗಾರನನ್ನು ಕೇಳಿದರೆ ಕೀಲಿ ಆಫೀಸಿನಾಗ ಐತಿ ಅಂದ, ಆಫೀಸಿನಲ್ಲಿ ಕೇಳಿದರೆ ಕಾವಲುಗಾರನ ಹತ್ತಿರ ಐತಿ ಅಂದರು.

ನಾಲ್ಕನೆಯ ರಾತ್ರಿ ಅಜ್ಜ ಬಹಳ ಹೊತ್ತು ನಡುಗಿದರು. ಆಮೇಲೆ ನಡುಕ ನಿಂತಿತು. ನಿದ್ದೆ ಹತ್ತಿತು ಅಂದುಕೊಂಡೆವು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಡಾಕ್ಟರು ಹೃದಯ ನಿಂತಿದೆ ಅಂದರು. ಕಾಗದದಲ್ಲೂ ಅದನ್ನೇ ಬರೆದರು. ಯಾರ ಹೃದಯ ತಾನೇ ನಿಲ್ಲದೆ ಸತ್ತೀತು? ಅಜ್ಜನ ಮೆಣಸಿನಕಾಯಿ ಅದೇ ದಿನ ಮಾರಾಟವಾಯಿತು. ಮುಂಗಡ, ಬಡ್ಡಿ, ಲಾರಿ ಬಾಡಿಗೆ ಕಳೆದು ಉಳಿದ ಹಣವನ್ನು ಮಗ ಬಂದು ತೆಗೆದುಕೊಂಡು ಹೋದ. ಹೆಣ ಒಯ್ಯುವ ಗಾಡಿಯ ಬಾಡಿಗೆಯೂ ಅದರಲ್ಲೇ ಹೋಯಿತು.

ಇದು ನಿಮಗೆ ಕಣ್ಣೀರು ಬರಿಸಲೆಂದು ಬರೆದದ್ದಲ್ಲ. ಆ ಸಾವು ಸರ್ಕಾರದ ಯಾವ ಕಲಮಿನಲ್ಲಿ ಬಂತು ಎಂದು ಕೇಳಲು ಬರೆದದ್ದು. ರೈತ ಆತ್ಮಹತ್ಯೆ ಮಾಡಿಕೊಂಡರೆ ಪರಿಹಾರದ ಕಲಮು ಐತಿ. ಹಾವು ಕಡಿದು ಸತ್ತರೆ ಐತಿ. ಚಳಿಗೆ? ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಶೀತಗಾಳಿಯೂ ಸೇರಿದೆ, ವಿಪತ್ತಿನಲ್ಲಿ ಸತ್ತವರ ಮನೆಗೆ 4 ಲಕ್ಷ ರೂಪಾಯಿ ಎಂಬ ನಿಯಮವೂ ಇದೆ. ಆದರೆ ಶೀತಗಾಳಿ ಎಂದರೆ ಯಾವುದು? ಹವಾಮಾನ ಇಲಾಖೆಯ ಅಳತೆ ಹೀಗಿದೆ: ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಇಳಿದಿರಬೇಕು, ಇಲ್ಲವೇ ನೇರವಾಗಿ 4 ಡಿಗ್ರಿಗೆ ಮುಟ್ಟಿರಬೇಕು. ಬಳ್ಳಾರಿಯಂಥ ಬಿಸಿಲು ನಾಡಿನಲ್ಲಿ ಇದು ಯಾವ ಕಾಲಕ್ಕೆ ಆದೀತು? ಆದ್ದರಿಂದ ದಾಖಲೆಯ ಪ್ರಕಾರ ನಮ್ಮಲ್ಲಿ ಚಳಿಯೇ ಇಲ್ಲ! ಇಲಾಖೆಯ ಮಾಪಕ ಪೆಟ್ಟಿಗೆಯೊಳಗೆ ನೆಲದಿಂದ ಮೇಲೆ ತೂಗುತ್ತದೆ. ನಾವು ಮಲಗುವುದು ನೆಲದ ಮೇಲೆ, ಒದ್ದೆ ಬಟ್ಟೆಯಲ್ಲಿ, ಗಾಳಿಗೆ, ಅರೆಹೊಟ್ಟೆಯಲ್ಲಿ. ಮಾಪಕ ಹನ್ನೆರಡು ಹದಿಮೂರು ತೋರಿಸುತ್ತಿರುವಾಗಲೇ ಒದ್ದೆಯಾದ, ಹಸಿದ, ವಯಸ್ಸಾದ ಮನುಷ್ಯನ ಮೈ ತಣ್ಣಗಾಗಿ ಹೋಗಬಹುದು. ಚಳಿಗೆ ರಕ್ತನಾಳ ಬಿಗಿದು ರಕ್ತದ ಒತ್ತಡ ಏರುತ್ತದೆ, ದುರ್ಬಲ ಹೃದಯಕ್ಕೆ ಅದೇ ಸಾಕು. ಇದು ವೈದ್ಯಶಾಸ್ತ್ರವೇ ಹೇಳುವ ಮಾತು, ನನ್ನದಲ್ಲ.

ದಾಖಲೆ ಇಲ್ಲ ಎಂಬ ಮಾತನ್ನು ನಾವು ದೊಡ್ಡ ಮಟ್ಟದಲ್ಲೂ ಕೇಳಿದ್ದೇವೆ. 2020ರ ನವೆಂಬರ್ 26ರಿಂದ ಪಂಜಾಬ್, ಹರಿಯಾಣ, ಉತ್ತರ ಪ್ರದೇಶದ ರೈತರು ಮೂರು ಕೃಷಿ ಕಾಯಿದೆಗಳ ವಿರುದ್ಧ ದಿಲ್ಲಿಯ ಗಡಿಯಲ್ಲಿ, ಸಿಂಘು, ಟಿಕ್ರಿ, ಗಾಜಿಪುರದಲ್ಲಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತರು. ಟ್ರಾಲಿಯಲ್ಲಿ ಹುಲ್ಲು ಹಾಸಿ, ಮೇಲೆ ತಾಡಪತ್ರಿ ಕಟ್ಟಿ ಮಲಗಿದರು. 2021ರ ಜನವರಿ 1ರ ಬೆಳಿಗ್ಗೆ ದಿಲ್ಲಿಯ ಉಷ್ಣಾಂಶ 1.1 ಡಿಗ್ರಿ. ಅದರ ಬೆನ್ನಿಗೇ ಮಳೆ. ಹೋರಾಟ ಮುಗಿಯುವ ಹೊತ್ತಿಗೆ ಏಳುನೂರಕ್ಕೂ ಹೆಚ್ಚು ರೈತರು ಸತ್ತರೆಂದು ರೈತ ಸಂಘಟನೆಗಳು ಲೆಕ್ಕ ಕೊಟ್ಟವು. ಚಳಿ, ಹೃದಯಾಘಾತ, ಅಪಘಾತ, ಆತ್ಮಹತ್ಯೆ ಎಲ್ಲ ಸೇರಿ. ಪರಿಹಾರದ ಪ್ರಶ್ನೆ ಬಂದಾಗ ಕೃಷಿ ಸಚಿವಾಲಯ ಲೋಕಸಭೆಗೆ ಕೊಟ್ಟ ಉತ್ತರ, ತಮ್ಮಲ್ಲಿ ದಾಖಲೆ ಇಲ್ಲ ಎಂಬುದು. ಕಾಯಿದೆ ವಾಪಸಾಯಿತು, ಅದು ಗೆಲುವೇ. ಆದರೆ ಸತ್ತವರ ಲೆಕ್ಕ ಇಡುವ ಪುಸ್ತಕ ಮಾತ್ರ ತೆರೆಯಲಿಲ್ಲ. ದಿಲ್ಲಿಯಲ್ಲಿ ಟಿ.ವಿ. ಕ್ಯಾಮೆರಾಗಳ ಮುಂದೆಯೇ ಹೀಗಾದರೆ ನಮ್ಮ ಯಾರ್ಡಿನ ಅಜ್ಜನ ಲೆಕ್ಕ ಯಾರು ಇಟ್ಟಾರು?

ಈಗ ಮೂಲ ಮಾತಿಗೆ ಬರುತ್ತೇನೆ. ನಮ್ಮನ್ನು ಬಯಲಿನಲ್ಲಿ ಮಲಗಿಸಿದ್ದು ಚಳಿ ಅಲ್ಲ, ಸಾಲ. "ದರ ಇಲ್ಲಂದ್ರ ವಾಪಸ್ ಒಯ್ಯಿ, ಯಾಕ ಅಲ್ಲಿ ಸಾಯ್ತಿ?" ಎಂದು ಕೇಳುವ ಬುದ್ಧಿವಂತರು ನಮ್ಮ ಊರಿನಲ್ಲೂ ಇದ್ದಾರೆ. ನನ್ನ ಲೆಕ್ಕದಲ್ಲಿ ಮೆಣಸಿನಕಾಯಿಗೆ ಎಕರೆಗೆ ಖರ್ಚು ಲಕ್ಷ ದಾಟುತ್ತದೆ. ಸಹಕಾರಿ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಎಂದು 2023ರಲ್ಲಿ ಸರ್ಕಾರ ಘೋಷಿಸಿತು. ಕಾಗದದ ಮೇಲೆ 5 ಲಕ್ಷ. ಕೈಗೆ ಬರುವಾಗ ಎಕರೆ ಲೆಕ್ಕ, ಷೇರು ಲೆಕ್ಕ, ಹಳೇ ಬಾಕಿ ಲೆಕ್ಕ. ಉಳಿದದ್ದಕ್ಕೆ ಅಡತಿ ಅಂಗಡಿ. ಬೀಜಕ್ಕೆ, ಔಷಧಕ್ಕೆ ಅಲ್ಲಿಂದಲೇ ಮುಂಗಡ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂದರೆ ಕೇಳಲು ಸಣ್ಣದು, ವರ್ಷಕ್ಕೆ ಇಪ್ಪತ್ತನಾಲ್ಕು. ಮುಂಗಡ ತೆಗೆದುಕೊಂಡವನು ಅದೇ ಅಂಗಡಿಗೆ ಮಾಲು ಹಾಕಬೇಕು. ಹಾಕಿದ ಮೇಲೆ ವಾಪಸ್ ಒಯ್ಯಲು ಬಾಡಿಗೆ ಇಲ್ಲ, ಬಿಟ್ಟು ಹೋಗಲು ಧೈರ್ಯ ಇಲ್ಲ. ಬಳ್ಳಾರಿಯಿಂದ ಬ್ಯಾಡಗಿಗೆ ಸುಮಾರು ಇನ್ನೂರು ಕಿಲೋಮೀಟರು. ಇವತ್ತು ಹೋಗಿ ನಾಳೆ ಬರುವ ದಾರಿಯೇ ಅದು?

ಭತ್ತದವರ ಕಥೆ ಬೇರೆ ಅಲ್ಲ. ಸಿರುಗುಪ್ಪದ ಕಡೆ ಕೊಯ್ಲಿನ ಕಾಲದಲ್ಲಿ ಹೋಗಿ ನೋಡಿರಿ, ರಸ್ತೆಯ ಅರ್ಧ ಭಾಗ ನೆಲ್ಲಿನ ಹಾಸಿಗೆ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಖರೀದಿ ಮಾಡುವವರಿಗೆ ತೇವಾಂಶ ನೂರಕ್ಕೆ 17 ಮೀರಬಾರದು. ಮಷೀನು ಕೊಯ್ದು ಹಾಕಿದ ನೆಲ್ಲು ಅದಕ್ಕಿಂತ ಹಸಿಯಾಗಿರುತ್ತದೆ. ಹಗಲು ಒಣಗಿಸಬೇಕು, ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಬೇಕು, ದನ, ಕಳ್ಳರು, ಲಾರಿ ಎಲ್ಲಕ್ಕೂ ಕಾಯಬೇಕು. ಖರೀದಿ ಕೇಂದ್ರದ ಬಾಗಿಲು ತೆರೆಯುವುದು ಸಾಲಗಾರ ಮನೆಗೆ ಬಂದು ಹೋದ ಮೇಲೆ. ಅಷ್ಟರೊಳಗೆ ಅರ್ಧ ನೆಲ್ಲು ಕೇಳಿದ ದರಕ್ಕೆ ಹೋಗಿರುತ್ತದೆ. ಒಂದು ದಿನ ಮೊದಲು ಕೇಂದ್ರ ತೆರೆದರೆ ಒಂದು ರಾತ್ರಿ ಸಾವಿರಾರು ಮಂದಿ ಮನೆಯಲ್ಲಿ ಮಲಗುತ್ತಾರೆ. ಇದನ್ನು ಯಾವ ಅಧಿಕಾರಿಯಾದರೂ ಲೆಕ್ಕ ಹಾಕಿದ್ದಾನೆಯೇ?

ಇನ್ನೊಂದು ತಮಾಷೆ ನೋಡಿ. ಮೆಣಸಿನಕಾಯಿಯ ಬಣ್ಣ ಕೆಡಬಾರದೆಂದು ದೊಡ್ಡ ದೊಡ್ಡ ಕೋಲ್ಡ್ ಸ್ಟೋರೇಜುಗಳನ್ನು ಕಟ್ಟಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಕಾಯಿ ತಣ್ಣಗಿರಲೆಂದು ಹಗಲೂ ರಾತ್ರಿ ಕರೆಂಟು ಉರಿಸುವ ಕಡೆಯಲ್ಲಿ, ಅದನ್ನು ಬೆಳೆದವನು ಬೆಚ್ಚಗಿರಲು ಒಂದು ಬಲ್ಬಿನ ಕೋಣೆ ಇಲ್ಲ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಒಮ್ಮೆಲೇ ಕುಸಿದಾಗ ರೈತರು ರೊಚ್ಚಿಗೆದ್ದರು, ಮಾರುಕಟ್ಟೆ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ನಾನು ಆ ದಿನ ಅಲ್ಲಿರಲಿಲ್ಲ. ಬೆಂಕಿ ಹಚ್ಚಿದ್ದನ್ನು ನಾನು ಸರಿ ಎನ್ನುವುದಿಲ್ಲ. ಸುಟ್ಟದ್ದು ನಮ್ಮ ದುಡ್ಡಿನ ಕಟ್ಟಡವೇ. ಆದರೆ ಮರುದಿನ ಎಲ್ಲರೂ ಕೇಳಿದ್ದು ಯಾರು ಹಚ್ಚಿದರು, ಎಷ್ಟು ನಷ್ಟ, ಎಷ್ಟು ಮಂದಿಯ ಬಂಧನ ಎಂಬುದನ್ನು. ಅಲ್ಲಿದ್ದವರು ಅದಕ್ಕೆ ಮೊದಲು ಎಷ್ಟು ರಾತ್ರಿ ಚೀಲದ ಮೇಲೆ ಕಳೆದಿದ್ದರು ಎಂದು ಕೇಳಿದವರನ್ನು ನಾನು ಕಾಣೆ.

ಪಟ್ಟಣದ ಬೀದಿಯಲ್ಲಿ ಮಲಗುವವರಿಗಾದರೂ ಒಂದು ಆದೇಶ ಇದೆ. ಚಳಿಗಾಲದಲ್ಲಿ ದಿಲ್ಲಿಯಲ್ಲಿ ತಂಗುದಾಣವೊಂದನ್ನು ಕೆಡವಿ ಜನ ಬೀದಿಪಾಲಾದಾಗ, 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಣ್ಣು ಬಿಟ್ಟಿತು. ಆಮೇಲೆ ಬಂದ ನಿಯಮ, ನಗರದಲ್ಲಿ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿ ಮಲಗುವಷ್ಟು ಒಂದು ತಂಗುದಾಣ ಇರಬೇಕೆಂದು. 2011ರ ಜನಗಣತಿಯಲ್ಲೇ ಬಳ್ಳಾರಿ 4 ಲಕ್ಷ ದಾಟಿದೆ. ಲೆಕ್ಕ ನೀವೇ ಹಾಕಿರಿ. ಕೌಲ್ ಬಜಾರಿನ ಅಂಗಡಿ ಕಟ್ಟೆಗಳ ಮೇಲೆ ಮುಸುಕು ಹಾಕಿಕೊಂಡು ಮಲಗುವ ಹಮಾಲರಿಗೆ, ಬಂಡಿಯವರಿಗೆ ಅದು ಸಿಗಲೇಬೇಕು, ಅದಕ್ಕಾಗಿ ನಾವೂ ದನಿ ಎತ್ತಬೇಕು. ಆದರೆ ನಮಗೆ ಅದು ಸಾಲದು. ಊರ ನಡುವೆ ಅರಮನೆ ಕಟ್ಟಿಸಿ ಕರೆದರೂ ರೈತ ಮಾಲು ಬಿಟ್ಟು ಮಲಗಲು ಹೋಗುವವನಲ್ಲ. ಅವನಿಗೆ ಬೇಕಾದದ್ದು ಮಾಲು ಕಣ್ಣಿಗೆ ಕಾಣುವ ಜಾಗದಲ್ಲಿ ನಾಲ್ಕು ಗೋಡೆ, ನೆಲಕ್ಕೆ ಹಲಗೆ, ಒಂದು ಬಿಸಿನೀರಿನ ನಲ್ಲಿ, ರಾತ್ರಿಯೆಲ್ಲ ದೀಪ. ನಮ್ಮ ಮಾಲಿನ ವಹಿವಾಟಿನ ಮೇಲೆಯೇ ಸೆಸ್ ವಸೂಲಾಗುತ್ತದೆ. ಆ ನಿಧಿ ಬರೀ ಕಾಂಪೌಂಡು ಗೋಡೆಗೂ ಕಮಾನಿಗೂ ಅಲ್ಲ.

ಅದೆಲ್ಲ ಆಗುವ ತನಕ ಜೀವ ಉಳಿಯಬೇಕಲ್ಲ. ಆದ್ದರಿಂದ ಕೆಲವು ಮಾತು. ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸಲು ಬರುತ್ತಿದ್ದ ಕುರಿಗಾರರೊಬ್ಬರು ನನಗೆ ಹೇಳಿಕೊಟ್ಟದ್ದು: "ಮ್ಯಾಲ ಹೊಚ್ಚೋದು ಆಮ್ಯಾಲ, ಮೊದಲ ಕೆಳಗ ಹಾಸು." ನೂರಕ್ಕೆ ನೂರು ಸತ್ಯ. ಸಿಮೆಂಟು, ಕಲ್ಲು ಮೈಯ ಶಾಖವನ್ನು ಹೀರುತ್ತವೆ. ಒಂದು ಮೊಳ ಒಣ ನೆಲ್ಲುಹುಲ್ಲು, ಅದರ ಮೇಲೆ ಎರಡು ಗೋಣಿತಟ್ಟು, ಆಮೇಲೆ ಮನುಷ್ಯ. ಹತ್ತಿಯ ಚಾದರ ಒದ್ದೆಯಾದರೆ ಇಲ್ಲದ್ದಕ್ಕಿಂತ ಕಡೆ. ಉಣ್ಣೆಯ ಕಂಬಳಿ ತುಸು ನೆಂದರೂ ಕಾವು ಬಿಡುವುದಿಲ್ಲ. ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹಾಕಿಕೊಂಡದ್ದು ಚೆಂದಕ್ಕಲ್ಲ. ತಲೆ, ಕಿವಿ, ಪಾದ ಮುಚ್ಚಿರಿ. ಮಲಗುವ ಮೊದಲು ಬೆವರಿನ ಅಂಗಿ ಬದಲಿಸಿರಿ. ಹಸಿದು ಮಲಗಬೇಡಿರಿ, ಮೈ ಉರಿಸಲು ಒಳಗೆ ಏನಾದರೂ ಬೇಕು.

ಚಳಿಗೆಂದು ಕುಡಿಯುವವರಿಗೆ ಒಂದು ಮಾತು. ಸೆರೆ ಕುಡಿದರೆ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳ ಅಗಲವಾಗಿ ಒಳಗಿನ ಶಾಖ ಹೊರಗೆ ಹರಿಯುವುದರಿಂದ. ಅಂದರೆ ಇದ್ದ ಕಾವನ್ನೂ ಗಾಳಿಗೆ ಕೊಟ್ಟಂತೆ. ಅಮಲಿನಲ್ಲಿ ನಡುಕವೂ ಗೊತ್ತಾಗುವುದಿಲ್ಲ.

ಬೆಂಕಿ ಕಾಯಿಸುವುದು ಬಯಲಲ್ಲಿ ಮಾತ್ರ, ಚೀಲಗಳಿಂದ ದೂರ. ತಾಡಪತ್ರಿ ಮುಚ್ಚಿದ ಟ್ರಾಲಿಯೊಳಗೆ, ಲಾರಿಯ ಕ್ಯಾಬಿನ್ನಿನಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಇದ್ದಲಿನ ಬುಟ್ಟಿ ಇಟ್ಟುಕೊಂಡು ಮಲಗಿದರೆ ಏಳುವುದಿಲ್ಲ. ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಮೂವರು ಹುಡುಗರು ಚಳಿಗೆಂದು ಕೋಣೆಯಲ್ಲಿ ಇದ್ದಲು ಹೊತ್ತಿಸಿ ಮಲಗಿ ಹೀಗೆಯೇ ಸತ್ತರು. ಬೆಳಿಗ್ಗೆ ತಲೆನೋವು, ಓಕರಿಕೆ ಬಂದರೆ ಮೊದಲು ಹೊರಗಿನ ಗಾಳಿಗೆ ಬನ್ನಿರಿ. ಲಾರಿ, ಟ್ರ್ಯಾಕ್ಟರಿನ ಕೆಳಗೆ ಗಾಳಿ ಮರೆಯೆಂದು ಮಲಗಬೇಡಿರಿ, ಡ್ರೈವರು ನಸುಕಿನಲ್ಲಿ ಹಿಂದೆ ನೋಡದೆ ಗಾಡಿ ತೆಗೆಯುತ್ತಾನೆ.

ಇನ್ನು ಅಜ್ಜನ ವಿಷಯದಲ್ಲಿ ನಮಗೆ ಗೊತ್ತಿಲ್ಲದೆ ಹೋದದ್ದು. ಮೈಯ ಕಾವು 37 ಡಿಗ್ರಿ ಇರಬೇಕಾದದ್ದು 35ರ ಕೆಳಗೆ ಇಳಿದರೆ ಅಪಾಯ. ಮೊದಮೊದಲು ಮೈ ನಡುಗಿ ನಡುಗಿ ಕಾವು ಮಾಡಿಕೊಳ್ಳುತ್ತದೆ. ಬೆಚ್ಚಗಾಗದೆ ನಡುಕ ನಿಂತಿತೆಂದರೆ ಮೈ ಸೋತಿತು ಎಂದರ್ಥ. ಮಾತು ತೊದಲುವುದು, ಕೈ ಹಿಡಿತ ತಪ್ಪುವುದು, ಎಬ್ಬಿಸಿದರೆ ಅರೆಬರೆ ಮಾತಾಡುವುದು, ಇವು ಕಂಡರೆ ನಿದ್ದೆ ಎಂದುಕೊಳ್ಳಬೇಡಿರಿ. ಒದ್ದೆ ಬಟ್ಟೆ ತೆಗೆದು, ಒಣ ಕಂಬಳಿ ಸುತ್ತಿ, ಪಕ್ಕದಲ್ಲಿ ಒಬ್ಬರು ಮೈಗೆ ಮೈ ತಾಗಿಸಿ ಮಲಗಿರಿ. ಎಚ್ಚರವಿದ್ದು ನುಂಗಲು ಆಗುವವರಿಗೆ ಬೆಲ್ಲದ ಬಿಸಿ ಚಹಾ ಗುಟುಕು ಗುಟುಕಾಗಿ. ಕೈಕಾಲು ತಿಕ್ಕಬೇಡಿರಿ, ಬೆಂಕಿಯ ಎದುರು ಎಳೆದು ಕೂರಿಸಬೇಡಿರಿ. 108ಕ್ಕೆ ಫೋನು ಮಾಡಿರಿ. ಟೆಂಡರು ಗುರುವಾರ ಆದರೂ ಆಗಲಿ, ಬಿಟ್ಟರೂ ಬಿಡಲಿ.

ಇಷ್ಟು ಬರೆದ ಮೇಲೆ ಒಂದು ಕಹಿ ಮಾತನ್ನೂ ಬರೆಯದಿದ್ದರೆ ನಾನು ಸುಳ್ಳುಗಾರ. ಕಾಯಿ ಬಿಡಿಸಲು ಗಡಿಯಾಚೆಯ ಹಳ್ಳಿಗಳಿಂದ ಕೂಲಿಯವರು ನಮ್ಮ ಹೊಲಗಳಿಗೆ ಬರುತ್ತಾರೆ. ಹೆಂಗಸರು, ಹಸುಗೂಸುಗಳು. ಬದುವಿನ ಮೇಲೆ ನಾಲ್ಕು ಕೋಲು ನೆಟ್ಟು ಹಳೇ ಸೀರೆ ಕಟ್ಟಿ ಮಲಗುತ್ತಾರೆ. ಹೋದ ವರ್ಷ ನನ್ನ ಹೊಲದಲ್ಲೂ ಹಾಗೇ ಮಲಗಿದರು. ನಾನು ನೋಡಿಕೊಂಡೇ ಮನೆಗೆ ಹೋಗಿ ಊಟ ಮಾಡಿ ಮಲಗಿದೆ. ಯಾರ್ಡಿನ ಸೆಕ್ರೆಟರಿ ನಮಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದೆ. ನನ್ನ ಮೋಟರ್ ಶೆಡ್ಡಿಗೂ ಬೀಗ ಇತ್ತು, ಕೀಲಿ ನನ್ನ ಜೇಬಿನಲ್ಲಿತ್ತು. "ನಮಗೇ ದರ ಇಲ್ಲ, ಅವರಿಗೆ ಎಲ್ಲಿಂದ ಕೊಡೋದು?" ಎನ್ನಬಹುದು. ಕೂಲಿಯ ಜಗಳ ಬೇರೆ, ಅದನ್ನು ಇನ್ನೊಮ್ಮೆ ಆಡೋಣ. ಎರಡು ಹೊರೆ ಹುಲ್ಲಿಗೆ, ಒಂದು ತಾಡಪತ್ರಿಗೆ, ಕೂಸು ಇದ್ದವರಿಗೆ ಶೆಡ್ಡಿನ ಬಾಗಿಲಿಗೆ ಬೆಂಬಲ ಬೆಲೆ ಬೇಕಾಗಿಲ್ಲ. ಈ ಸಲ ಕೊಂಡ ಎರಡು ರಗ್ಗಿನಲ್ಲಿ ಒಂದು ಅಲ್ಲಿಗೆ ಹೋಗಿದೆ. ಅದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಒಂದು ವರ್ಷ ತಡವಾಗಿ ಹೋಯಿತು.

ನಮ್ಮ ಸಂಘದಿಂದ ಕೇಳುವುದು ಬಹಳ ಇಲ್ಲ. ಮಾಲು ಇಳಿದ ಮೇಲೆ ಎರಡನೆಯ ರಾತ್ರಿಯೊಳಗೆ ತೂಕವಾಗಿ ದುಡ್ಡು ಕೈಗೆ ಬರಬೇಕು. ತಡವಾದರೆ ತಡ ಮಾಡಿದವರು ರಾತ್ರಿಯ ಲೆಕ್ಕದಲ್ಲಿ ಭತ್ಯೆ ಕೊಡಬೇಕು. ಲಾರಿ ತಡೆದರೆ ಹಾಲ್ಟಿಂಗ್ ಕೊಡುತ್ತೀರಿ, ಮನುಷ್ಯನನ್ನು ತಡೆದರೆ ಯಾಕಿಲ್ಲ? ಬಳ್ಳಾರಿಯಲ್ಲೇ ಸರಿಯಾದ ಮೆಣಸಿನಕಾಯಿ ಮಾರುಕಟ್ಟೆ ನಡೆಯಬೇಕು. ಕೊಯ್ಲಿಗೆ ಮೊದಲು ಭತ್ತದ ಖರೀದಿ ಕೇಂದ್ರ ತೆರೆಯಬೇಕು. ಯಾರ್ಡಿನಲ್ಲಿ ಸತ್ತವರ ಹೆಸರು ಬರೆಯಲು ಒಂದು ರಿಜಿಸ್ಟರು ಇಡಬೇಕು, ಆ ರಾತ್ರಿಯ ಉಷ್ಣಾಂಶವನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಮತ್ತು ರೈತ ಭವನದ ಕೀಲಿ ರೈತನ ಕೈಗೆ ಬರಬೇಕು.

ಕೊನೆಯದಕ್ಕೆ ಅರ್ಜಿ ಬರೆದು ಕಾಯುವ ಅವಶ್ಯಕತೆ ಕಾಣುವುದಿಲ್ಲ. ಎಳ್ಳಮಾವಾಸ್ಯೆ ಮುಗಿದ ಮೊದಲ ಸೋಮವಾರ ಮಾಲು ಒಯ್ಯುವವರು ಒಟ್ಟಿಗೆ ಹೊರಡೋಣ. ಯಾರ್ಡಿಗೆ ಇಳಿದ ಕೂಡಲೇ ಭವನದ ಬಾಗಿಲಿನ ಮುಂದೆ ಸಾಲಾಗಿ ಹಾಸಿಗೆ ಹಾಸೋಣ. ಬಾಗಿಲು ಮುರಿಯುವುದು ಬೇಡ, ಗಲಾಟೆ ಬೇಡ. ಬೆಳಿಗ್ಗೆ ಆಫೀಸಿಗೆ ಬರುವವರು ನಮ್ಮನ್ನು ದಾಟಿಕೊಂಡೇ ಹೋಗಲಿ. ಬರುವವರು ಒಂದು ಹೊರೆ ಒಣ ಹುಲ್ಲು, ಎರಡು ಗೋಣಿತಟ್ಟು, ಒಂದು ಕಂಬಳಿ ತನ್ನಿರಿ. ಇದ್ದಲು ತರಬೇಡಿರಿ.